ಸೊಸೆಯ ಬೆರಳೊಳಗಿನ ಕೆಂಪು

ರೊಟ್ಟಿ ಬಡಿಯುವ ಸದ್ದು ಕೇಳಿಯೇ ಒಳಗಿರುವ ಹೆಂಗಸಿನ ಮನಸ್ಸು ಹೇಗಿದೆ ಎಂದು ಹೇಳಬಲ್ಲೆ ಅನ್ನುವ ಜಂಬ ನನಗಿತ್ತು. ನಮ್ಮದು ಹಾವೇರಿ ಕಡೆಯ ಮನೆತನ. ಬೆಂಗಳೂರಿಗೆ ಬಂದು, ಬಸವೇಶ್ವರನಗರದಲ್ಲಿ ಮನೆ ಕಟ್ಟಿ, ಅರ್ಧ ಆಯುಷ್ಯ ಇಲ್ಲೇ ಕಳೆದರೂ ಮಧ್ಯಾಹ್ನದ ಊಟಕ್ಕೆ ಜೋಳದ ರೊಟ್ಟಿಯೇ ಆಗಬೇಕು. ನನ್ನ ಅವ್ವ ಬಡಿಯುವಾಗ ಸದ್ದು ಒಂದೇ ಸಮ ಬರುತ್ತಿತ್ತು. ನನ್ನ ಹೆಂಡತಿಗೆ ಸಿಟ್ಟು ಬಂದ ದಿನ ಹಿಟ್ಟು ನಾದುವ ಪರಾತ ಅಲುಗುವಷ್ಟು ಜೋರಾಗಿ ಬರುತ್ತಿತ್ತು, ಆ ದಿನ ನಾನು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಮಗನ ಮದುವೆಯಾಗಿ ರಾಣೆಬೆನ್ನೂರಿನಿಂದ ಸೊಸೆ ಬಂದ ಮೇಲೆ ನಡುಮನೆಯಲ್ಲಿ ಕೂತು ಅವಳ ಸದ್ದನ್ನೂ ತೂಗಿ ನೋಡಿದೆ. ಮೊದಲ ವರ್ಷ ತಕರಾರು ಇರಲಿಲ್ಲ. ಹಗುರ ಕೈ, ತೆಳ್ಳನೆ ರೊಟ್ಟಿ.

ಎರಡನೆಯ ವರ್ಷದ ಚಳಿಗಾಲದಲ್ಲಿ ಸದ್ದು ಬದಲಾಯಿತು. ಮಾಗಡಿ ರಸ್ತೆಯಲ್ಲಿ ಮೆಟ್ರೋ ಕೆಲಸಕ್ಕೆಂದು ತಗಡಿನ ಶೀಟು ನಿಲ್ಲಿಸಿ ಅಗೆಯಲು ಶುರುಮಾಡಿದ್ದ ಕಾಲ ಅದು. ಸೊಸೆಯ ಬಡಿತ ಮೆತ್ತಗಾಯಿತು, ನಡುನಡುವೆ ನಿಲ್ಲತೊಡಗಿತು. ಬೆರಳು ತಾಗಿಸದೆ ಬರೀ ಅಂಗೈ ಬುಡದಿಂದ ತಟ್ಟಿದ ಹಾಗೆ ಕೇಳುತ್ತಿತ್ತು. ರೊಟ್ಟಿ ದಪ್ಪಗಾದವು, ಅಂಚು ಬಿರಿದವು.

"ಇದು ರೊಟ್ಟಿ ಏನವ್ವಾ, ಬೆರಣಿ ಏನು?" ಎಂದು ಕೇಳಿದೆ ಒಂದು ದಿನ.

ಸೊಸೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಳು. "ಬೆರಳು ಭಾಳ ನೋಯಾಕತ್ತಾವ್ರೀ ಮಾವಾರ. ಮುಂಜಾನೆ ಎದ್ದಾಗಂತೂ ಮುಷ್ಟಿ ಕಟ್ಟಾಕ ಆಗಂಗಿಲ್ಲ."

"ಸಂಜೀಕೆ?"

"ಸಂಜೀಕೆ ಅಷ್ಟು ಇರಂಗಿಲ್ರೀ."

ಆ ಒಂದು ಉತ್ತರ ನನಗೆ ಸಾಕಾಗಿತ್ತು.

ಯಾಕೆ ಸಾಕಾಯಿತು ಎಂದು ತಿಳಿಯಬೇಕಾದರೆ ನನ್ನ ಕೆಲಸ ಏನಿತ್ತು ಎಂದು ಹೇಳಬೇಕು. ನಾನು ಎಸ್ಸೆಸ್ಸೆಲ್ಸಿ ಪಾಸು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಸೇರಿ ಅಲ್ಲೇ ರಿಟೈರ್ ಆದವನು. ಯಾರು ತಡವಾಗಿ ಬಂದರು, ಯಾರು ಸುಳ್ಳು ಕಾಯಿಲೆ ಹೇಳಿ ರಜೆ ಹಾಕಿದರು ಎಂದು ನೋಡುವುದೇ ನನ್ನ ಕೆಲಸ. ಬೆಳಿಗ್ಗೆ ಇದ್ದು ಸಂಜೆ ಹೋಗುವ ನೋವಿಗೆ ನಾವು ಫಸ್ಟ್ ಶಿಫ್ಟ್ ನೋವು ಎಂದು ಹೆಸರಿಟ್ಟಿದ್ದೆವು. ಕೈಗೆ ಪಟ್ಟಿ ಕಟ್ಟಿಕೊಂಡು ಬಂದವನಿಗೆ ಮಾತಾಡುತ್ತ ಮಾತಾಡುತ್ತ ಟೀ ಗ್ಲಾಸು ಚಾಚುತ್ತಿದ್ದೆ. ಅವನು ಮರೆತು ಪಟ್ಟಿ ಕಟ್ಟಿದ ಕೈಯಲ್ಲೇ ಹಿಡಿದರೆ, "ಟೀ ಕುಡಿದು ಮೆಷಿನ್ ಹತ್ರ ಹೋಗಪ್ಪ" ಅನ್ನುತ್ತಿದ್ದೆ. ಮ್ಯಾನೇಜರರು ಇದನ್ನು ನಾಲ್ಕು ಜನರ ಮುಂದೆ ಹೇಳಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಿಜವಾಗಿ ಕೈ ನೋಯುವವನೂ ಬಿಸಿ ಟೀ ಕಂಡರೆ ಹಿಡಿಯುತ್ತಾನೆ ಎಂದು ಒಂದು ಸಲವೂ ಹೊಳೆಯಲಿಲ್ಲ.

ಆ ಆಟವನ್ನೇ ಸೊಸೆಯ ಮೇಲೆ ಆಡಿದೆ. ಒಂದು ಬೆಳಿಗ್ಗೆ ಅವಳು ದೇವರ ಮನೆ ಬಾಗಿಲಿಗೆ ನೀರು ಹಾಕುತ್ತಿದ್ದಾಗ, "ತಗೋ" ಎಂದು ತೆಂಗಿನಕಾಯಿ ಎಸೆದೆ. ಎರಡೂ ಕೈ ಚಾಚಿ ಹಿಡಿದಳು. ಹಿಡಿದ ಮೇಲೆ ಅದನ್ನು ಎದೆಗೆ ಒತ್ತಿಕೊಂಡು, ತುಟಿ ಕಚ್ಚಿ, ಗೋಡೆಗೆ ಒರಗಿದಳು. ನಾನು ಹಿಡಿದದ್ದನ್ನು ಮಾತ್ರ ನೋಡಿದೆ.

"ನೋಡಿದ್ಯಾ?" ಎಂದೆ ಹೆಂಡತಿಗೆ. "ಕೈ ಬರಂಗಿಲ್ಲ ಅಂತಾಳ. ಕ್ರಿಕೆಟ್ಟಿನವ್ರು ಹಿಡಿದಂಗ ಹಿಡಿದಳು."

"ನಿಮ್ಮ ತಲಿ ಮ್ಯಾಲೆ ತೆಂಗಿನಕಾಯಿ ಬಿದ್ರ ನೀವು ಕೈ ಅಡ್ಡ ಹಿಡಿಯಂಗಿಲ್ಲೇನು?" ಎಂದಳು ಅವಳು. "ರಿಟೈರ್ ಆಗಿ ಇಷ್ಟು ದಿನ ಆತು, ಇನ್ನಾ ಆ ಫ್ಯಾಕ್ಟರಿ ಗೇಟಿನ್ಯಾಗೇ ನಿಂತೀರಿ ನೀವು."

ನನ್ನ ಹೆಂಡತಿಗೆ ಸೊಸೆಯ ಮೇಲೆ ಅಂಥ ಅತಿ ಪ್ರೀತಿ ಏನೂ ಇರಲಿಲ್ಲ. ಆದರೂ ಅಷ್ಟು ಹೇಳಿದಳು. ಅತ್ತೆ ಸೊಸೆ ಒಳಗೊಳಗೇ ಮಾತಾಡಿಕೊಂಡಿದ್ದಾರೆ ಎಂದು ಅವಳ ಮೇಲೂ ನನಗೆ ಅನುಮಾನ ಬಂತು.

ಅನುಮಾನ ಒಮ್ಮೆ ಬಂತೆಂದರೆ ಅದಕ್ಕೆ ತಿನ್ನಲು ಏನಾದರೂ ಸಿಗುತ್ತಲೇ ಇರುತ್ತದೆ. ಸೊಸೆಯ ಉಗುರುಗಳ ಮೇಲೆ ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಕುಳಿ ಕಂಡವು. ಅಂಗೈ ಅಂಚಿನಲ್ಲಿ, ಕಿವಿಯ ಹಿಂದೆ ಚರ್ಮ ಕೆಂಪಾಗಿ ಹೊಟ್ಟು ಉದುರುತ್ತಿತ್ತು. ಇದೇನೋ ಅಂಟುರೋಗ, ಬೀಗರು ಮುಚ್ಚಿಟ್ಟು ಮದುವೆ ಮಾಡಿದ್ದಾರೆ ಅನ್ನಿಸಿತು. ಹೆಣ್ಣು ನೋಡಲು ಹೋದ ದಿನವನ್ನು ನೆನೆಸಿಕೊಂಡೆ. ಅವತ್ತು ಹುಡುಗಿಯ ಕೈತುಂಬ ಮದರಂಗಿ ಇತ್ತು. ನೋಡುವ ಶಾಸ್ತ್ರಕ್ಕೆ ಅಷ್ಟು ಮದರಂಗಿ ಯಾಕೆ? ಹಿಂದಿನ ವಾರ ಅವರ ಮನೆಯಲ್ಲಿ ಇನ್ನೊಂದು ಮದುವೆ ಆಗಿತ್ತು ಎಂದು ಅವರೇ ಹೇಳಿದ್ದರು. ಆ ಮದುವೆಯ ಲಾಡು ನಾನೇ ತಿಂದಿದ್ದೆ. ಆದರೂ ಈಗ ಆ ಮದರಂಗಿ ಕೈಯನ್ನು ಮರೆಮಾಡಲು ಹಾಕಿದ ಬಣ್ಣದ ಹಾಗೆ ಕಂಡಿತು.

ಆಮೇಲೆ ಪೂಜೆಯ ವಿಷಯ. ನಮ್ಮಲ್ಲಿ ಇಷ್ಟಲಿಂಗವನ್ನು ಎಡಗೈ ಅಂಗೈಯ ಮೇಲೆ ಇಟ್ಟು ಪೂಜೆ ಮಾಡುತ್ತೇವೆ. ಅಂಗೈಯೇ ಪೀಠ. ಸೊಸೆ ಲಿಂಗವನ್ನು ಒಂದು ಸಣ್ಣ ತಟ್ಟೆಯಲ್ಲಿ ಇಟ್ಟು ಮುಂದೆ ಕೂರುವುದನ್ನು ಕಂಡೆ. ಬೆರಳು ಬಾತು ಅಂಗೈ ಪೂರ್ತಿ ಬಿಚ್ಚಲು ಆಗುತ್ತಿರಲಿಲ್ಲ. ಅಷ್ಟು ಸರಳ ಕಾರಣ. ನಾನು ಅದನ್ನು ಕೇಳಲಿಲ್ಲ. ಎಲ್ಲರಿಗೂ ಕೇಳುವ ಹಾಗೆ, "ಕೈ ಶುದ್ಧ ಇಲ್ಲದವರ ಕೈಯಾಗ ಶಿವ ನಿಲ್ಲಂಗಿಲ್ಲ" ಎಂದುಬಿಟ್ಟೆ. ಅವಳು ಕಣ್ಣು ಮುಚ್ಚಿಕೊಂಡೇ ಕೂತಿದ್ದಳು, ತೆರೆಯಲಿಲ್ಲ. ನನ್ನ ಬಾಯಿಂದ ಬಂದ ಮಾತುಗಳಲ್ಲಿ ಇದಕ್ಕಿಂತ ಕೆಟ್ಟದ್ದು ನೆನಪಿಲ್ಲ.

ಅವಳ ಕೈಯಡುಗೆ ತಿನ್ನಲು ಹಿಂಜರಿಕೆಯಾಯಿತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ. ವಿಜಯನಗರದ ಖಾನಾವಳಿಯಿಂದ ರೊಟ್ಟಿ ತರತೊಡಗಿದೆ. "ಪಾಪ, ಹುಡುಗಿಗೆ ಕೈನೋವು, ಯಾಕ ಬಡೀಬೇಕು" ಎಂದು ಮಗನ ಮುಂದೆ ಹೇಳಿದೆ. ಮಗ ನಂಬಿದ. "ಅಪ್ಪ ಎಷ್ಟು ನೋಡ್ಕೋತಾರೆ ನೋಡು" ಎಂದು ಅವಳಿಗೆ ಹೇಳಿದ್ದನ್ನೂ ಕೇಳಿಸಿಕೊಂಡೆ. ಆದರೆ ನಾನು ಅವಳು ಕೊಟ್ಟ ಲೋಟ ಮತ್ತೊಮ್ಮೆ ತೊಳೆದು ಕುಡಿಯುವುದನ್ನು ಅವಳು ನೋಡಿದ್ದಳು.

ಮಗ ಮಾಗಡಿ ರಸ್ತೆಯಲ್ಲಿ ಪೈಪು, ನಲ್ಲಿ ಮಾರುವ ಅಂಗಡಿಯಲ್ಲಿದ್ದ. ಒಳ್ಳೆಯವನು, ನನಗೆ ಎದುರು ಮಾತಾಡಿದವನಲ್ಲ. ಅವನೇ ಹೆಂಡತಿಯನ್ನು ಮನೆ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಜೊತೆಗೆ ನಾನೂ ಹೋದೆ. ರಕ್ತಪರೀಕ್ಷೆ ಆಯಿತು. ಎರಡೂ ಕೈಯ ಎಕ್ಸ್‌ರೇ ಆಯಿತು. ರಿಪೋರ್ಟು ಬಂದ ದಿನ ಮಗ ಅಂಗಡಿಯಲ್ಲಿದ್ದ, ನಾನೊಬ್ಬನೇ ಹೋದೆ. ಡಾಕ್ಟರು ಫಿಲಮ್ಮನ್ನು ಬೆಳಕಿಗೆ ಹಿಡಿದು, "ಮೂಳೆ ಎಲ್ಲಾ ಚೆನ್ನಾಗಿದೆ, ರಕ್ತದಲ್ಲೂ ಸಂಧಿವಾತ ತೋರಿಸ್ತಿಲ್ಲ. ಸದ್ಯಕ್ಕೆ ನೋವಿನ ಮಾತ್ರೆ ಕೊಡ್ತೀನಿ. ಕಮ್ಮಿ ಆಗ್ಲಿಲ್ಲ ಅಂದ್ರೆ ಕೀಲು ನೋಡೋ ದೊಡ್ಡ ಡಾಕ್ಟರ್ ಹತ್ರ ಹೋಗಿ" ಎಂದರು.

ಆ ಮಾತಿನ ಮೊದಲರ್ಧವನ್ನು ನಾನು ಮನೆಗೆ ಹೊತ್ತು ತಂದೆ. ಎರಡನೆಯ ಅರ್ಧ ನನ್ನ ಕಿವಿಗೆ ಬಿದ್ದಿತ್ತು. ಬಿದ್ದೇ ಇರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಿದ್ದಿತ್ತು.

ಎಕ್ಸ್‌ರೇ ಫಿಲಮ್ಮು ಸಿಕ್ಕಿದ್ದು ನನಗೆ ಹಬ್ಬವಾಯಿತು. ಮನೆಗೆ ಬಂದವರಿಗೆಲ್ಲ ಟ್ಯೂಬ್‌ಲೈಟಿಗೆ ಹಿಡಿದು ತೋರಿಸಿದೆ. "ಇಲ್ನೋಡ್ರಿ, ಮೂಳಿ ಹೆಂಗದಾವ, ಮುತ್ತು ಪೋಣಿಸಿದಂಗ." ಆ ಕರಿ ಹಾಳೆಯಲ್ಲಿ ಸೊಸೆಯ ಕೈ ಬೆಳ್ಳಗೆ, ಏನೂ ತಪ್ಪು ಮಾಡದ ಹಾಗೆ ನಿಂತಿತ್ತು. ಅದನ್ನೇ ನಾನು ಅವಳ ತಪ್ಪಿಗೆ ಸಾಕ್ಷಿ ಮಾಡಿದೆ.

ಮಳೆಗಾಲ ಶುರುವಾಗುವ ಹೊತ್ತಿಗೆ ನಾನೇ ಅವಳನ್ನು ಕರೆದುಕೊಂಡು ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಹೋದೆ. ಮಗನಿಗೆ, "ತವರಿನ್ಯಾಗ ನಾಕು ದಿನ ಆರಾಮ ಇರ್ಲಿ" ಎಂದೆ. ಮನಸ್ಸಿನಲ್ಲಿದ್ದದ್ದು ಬೇರೆ. ಬುದ್ಧಿ ಬರುವವರೆಗೆ ಅಲ್ಲಿರಲಿ, ಬರದಿದ್ದರೆ ಹಿರಿಯರನ್ನು ಕೂರಿಸಿ ಸಂಬಂಧವನ್ನೇ ಹರಿದುಕೊಳ್ಳುವುದು ಎಂದು ತೀರ್ಮಾನ ಮಾಡಿಕೊಂಡಿದ್ದೆ. ಬಸ್ಸಿನಲ್ಲಿ ಅವಳು ಕಿಟಕಿ ಸರಳು ಹಿಡಿಯದೆ ಮೊಣಕೈಯನ್ನು ಅದಕ್ಕೆ ಸಿಕ್ಕಿಸಿ ಕೂತಿದ್ದಳು. ನಾಟಕ ಬಸ್ಸಿನಲ್ಲೂ ಬಿಡಲಿಲ್ಲವಲ್ಲ ಎಂದುಕೊಂಡೆ.

ಬೀಗರು ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು, ಮೆತ್ತಗಿನ ಮನುಷ್ಯ. ಮಂಡಕ್ಕಿ, ಮಿರ್ಚಿ, ಚಹಾ ಆದ ಮೇಲೆ ನಾನು ಫಿಲಮ್ಮು ತೆಗೆದೆ. ಅವರು ಅದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ತಲೆಕೆಳಗಾಗಿ ಹಿಡಿದಿದ್ದರು, ನಾನು ತಿರುಗಿಸಿ ಕೊಟ್ಟೆ.

"ಬೀಗರ, ಇದರಾಗ ನೋವು ಎಲ್ಲಿ ಕಾಣಬೇಕಿತ್ರೀ?" ಎಂದು ಕೇಳಿದರು.

"ಇಲ್ಲದ್ದು ಹೆಂಗ ಕಾಣತೈತ್ರೀ?" ಎಂದೆ.

"ನನ್ನ ಮಗಳು ಸುಳ್ಳು ಹೇಳಾಕಿ ಅಲ್ರೀ."

"ನಾ ಹೇಳಿಲ್ಲ. ಮೆಷಿನ್ ಹೇಳಾಕತ್ತೈತಿ. ಇನ್ನೊಂದು ಮಾತು ಕೇಳತೀನಿ, ತಪ್ಪು ತಿಳ್ಕೋಬ್ಯಾಡ್ರಿ. ಈ ಚರ್ಮದ್ದು ಮದುವಿಗೆ ಮದ್ಲ ಇತ್ತೇನು?"

ಅವರ ಮುಖ ಕಪ್ಪಿಟ್ಟಿತು. ಒಳಗೆ ಅವಳ ತಾಯಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದರು. ಸೊಸೆ ಹೊಸ್ತಿಲಲ್ಲಿ ಕೂತು ಎಲ್ಲವನ್ನೂ ಕೇಳುತ್ತಿದ್ದಳು. ನಾನು ಸಂಜೆ ಬಸ್ಸಿಗೆ ಹೊರಟಾಗ ಎದ್ದು ಬಂದು ನಮಸ್ಕಾರ ಮಾಡಿದಳು. ಅಂಗೈ ಎರಡೂ ಒಂದಕ್ಕೊಂದು ಕೂಡಲಿಲ್ಲ, ನಡುವೆ ಸಂದು ಉಳಿಯಿತು.

ಮಳೆಗಾಲ ಕಳೆಯಿತು, ದಸರಾ ಕಳೆಯಿತು. ಮಗ ಕರೆದುಕೊಂಡು ಬರುತ್ತೇನೆ ಅಂದಾಗಲೆಲ್ಲ ನಾನು ಏನಾದರೂ ಅಡ್ಡ ಹೇಳಿದೆ. ನೋವಿನ ಮಾತ್ರೆ ಮುಗಿದ ಮೇಲೆ ಅಲ್ಲಿ ಅವರು ಎಣ್ಣೆ ತಿಕ್ಕಿದರು, ಉಪ್ಪಿನ ಶಾಖ ಕೊಟ್ಟರು, ಯಾರೋ ಹೇಳಿದ ಸೊಪ್ಪು ಅರೆದು ಕಟ್ಟಿದರು. ಬಡವರು, ಸಂಕೋಚದವರು. ದೊಡ್ಡ ಡಾಕ್ಟರಿಗೆ ತೋರಿಸಿ ಅಲ್ಲೂ ಏನೂ ಇಲ್ಲ ಅಂದರೆ ಮಗಳು ಸುಳ್ಳಿ ಎಂದು ಗಟ್ಟಿಯಾಗುತ್ತದಲ್ಲ ಅನ್ನುವ ಹೆದರಿಕೆಯನ್ನೂ ನಾನೇ ಅವರ ಮನೆಯಲ್ಲಿ ಬಿಟ್ಟು ಬಂದಿದ್ದೆ.

ದೀಪಾವಳಿ ಹತ್ತಿರ ಬಂದಾಗ ಮಗ ನನಗೆ ಹೇಳದೆ ಊರಿಗೆ ಹೋಗಿ ಅವಳನ್ನು ಕರೆತಂದ. ಬಂದವನೇ ಚಪ್ಪಲಿ ಕಳಚುವ ಮೊದಲೇ, "ಅಪ್ಪ, ನಾಳೆ ಕೀಲಿನ ಡಾಕ್ಟರಮ್ಮನ ಹತ್ರ ತೋರಿಸ್ತಾ ಇದೀನಿ. ನೀವು ಬೇಡ ಅಂದ್ರೂ ಹೋಗ್ತೀವಿ" ಎಂದ. ಅಂಗಡಿಯಲ್ಲಿ ಸಾಮಾನು ಕೊಳ್ಳಲು ಬಂದ ಒಬ್ಬ ಗಿರಾಕಿ ಹೇಳಿದ್ದರಂತೆ, ಬೆರಳಿನ ಕೀಲನ್ನೇ ಸ್ಕ್ಯಾನ್ ಮಾಡಿ ನೋಡುತ್ತಾರೆ, ಕುಯ್ಯುವುದಿಲ್ಲ, ಚುಚ್ಚುವುದಿಲ್ಲ ಎಂದು.

ನನಗೆ ನಗು ಬಂತು. ಸ್ಕ್ಯಾನಿಂಗ್ ಅಂದರೆ ಬಸುರಿಯರ ಹೊಟ್ಟೆಗೆ ಮಾಡುವುದು. ಬೆರಳಿಗೆ ಸ್ಕ್ಯಾನಿಂಗ್ ಅಂದರೆ ಹುಡುಗನನ್ನು ಬೋಳಿಸುವ ಉಪಾಯ. ಅವನ ಕಣ್ಣೆದುರೇ ಬಯಲು ಮಾಡುತ್ತೇನೆ ಎಂದು ನಾನೂ ಹೊರಟೆ. ಅವರಿಬ್ಬರು ಗಾಡಿಯಲ್ಲಿ ಹೋದರು, ನಾನು ಹಿಂದಿನಿಂದ ಆಟೋ ಹಿಡಿದೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಅದೂ ನನಗೆ ಹಿಡಿಸಲಿಲ್ಲ. ಮೊದಲು ಬೆಳಕು ಬಿಡುವ ಒಂದು ಸಣ್ಣ ಭೂತಗನ್ನಡಿ ತೆಗೆದು ಸೊಸೆಯ ಉಗುರು, ಅಂಗೈ ಅಂಚು, ಕಿವಿಯ ಹಿಂದೆ ಎಲ್ಲಾ ನೋಡಿದರು. ಅವಳ ಬೆರಳನ್ನು ಬರಿಗೈಯಲ್ಲೇ ಹಿಡಿದಿದ್ದರು.

"ಅಂಟೋದಿಲ್ವೇನಮ್ಮ?" ಎಂದು ಕೇಳಿಯೇಬಿಟ್ಟೆ.

"ಇದು ಅಂಟೋ ಕಾಯಿಲೆ ಅಲ್ಲ ಸಾರ್. ಸೋರಿಯಾಸಿಸ್ ಥರ ಕಾಣ್ತಿದೆ. ಚರ್ಮಕ್ಕೆ ಬರೋದು ಕೆಲವರಿಗೆ ಕೀಲಿಗೂ ಬರತ್ತೆ. ರಕ್ತದಲ್ಲಿ ಗೊತ್ತಾಗದೇ ಇರಬಹುದು, ಶುರುವಿನಲ್ಲಿ ಎಕ್ಸ್‌ರೇಯಲ್ಲೂ ಕಾಣದೇ ಇರಬಹುದು. ಅದಕ್ಕೇ ಕೀಲು ನೋಡೋಣ."

ಸ್ಕ್ಯಾನಿಂಗ್ ಕೋಣೆಯಲ್ಲಿ ಗಂಡೋ ಹೆಣ್ಣೋ ಹೇಳುವುದಿಲ್ಲ ಎಂಬ ಬೋರ್ಡು ಇತ್ತು. ನಾನು ಅದನ್ನು ತೋರಿಸಿ, "ಬೆರಳಲ್ಲೂ ಕೂಸು ಇರತ್ತೇನಮ್ಮ?" ಎಂದೆ. ಮಗ, "ಅಪ್ಪಾ, ಸುಮ್ನಿರಿ" ಎಂದು ಗದರಿದ. ಡಾಕ್ಟರಮ್ಮ ನಕ್ಕರು. "ಅದೇ ಮೆಷಿನ್ನೇ ಸಾರ್. ಸದ್ದಿನ ಅಲೆ ಕಳಿಸ್ತೀವಿ, ವಾಪಸ್ ಬಂದದ್ದು ಚಿತ್ರ ಆಗತ್ತೆ. ಹೊಟ್ಟೆ ಆದ್ರೇನು, ಬೆರಳಾದ್ರೇನು."

ಸೊಸೆಯ ಬೆರಳ ಮೇಲೆ ತಣ್ಣನೆಯ ಲೋಳೆ ಹಚ್ಚಿದರು. ಕ್ಷೌರದ ಮೆಷಿನ್ನಿನಷ್ಟು ದೊಡ್ಡ ಒಂದು ಹಿಡಿಯನ್ನು ಗಂಟಿನ ಮೇಲೆ ಮೆಲ್ಲಗೆ ಇಟ್ಟರು. ಪರದೆಯ ಮೇಲೆ ಬೂದು ಬಣ್ಣದ ಗುಡ್ಡ, ಕಣಿವೆ ಕಂಡವು. ಗುಡ್ಡ ಮೂಳೆ, ಕಣಿವೆ ಕೀಲು ಎಂದರು. ಕೀಲು ಊದಿಕೊಂಡು ಕಪ್ಪಗೆ ಉಬ್ಬಿತ್ತು. ಆಮೇಲೆ ಒಂದು ಬಟನ್ ಒತ್ತಿದರು. ಆ ಕಪ್ಪಿನೊಳಗೆ ಕೆಂಪು ಚುಕ್ಕೆಗಳು ಹತ್ತಿಕೊಂಡವು. ಆರುತ್ತ, ಹತ್ತುತ್ತ, ನಾಡಿ ಬಡಿದ ಹಾಗೆ. ಇರಬಾರದ ಕಡೆ ರಕ್ತ ನುಗ್ಗುತ್ತಿದೆ, ಉರಿಯೂತ ಇದೆ ಎಂದು ಅದರ ಅರ್ಥ ಎಂದರು.

"ಬಟನ್ ಒತ್ತಿದ್ರೆ ಕೆಂಪಾಗತ್ತೆ. ಬಣ್ಣ ನೀವೇ ತುಂಬಿದ್ದಲ್ವೇನಮ್ಮ?"

"ಹೌದು ಸಾರ್, ಬಣ್ಣ ಮೆಷಿನ್ ಕೊಡೋದೇ. ಆದ್ರೆ ರಕ್ತ ಓಡಾಡೋ ಕಡೆ ಮಾತ್ರ ಕೊಡತ್ತೆ. ಅನುಮಾನ ಇದ್ರೆ ನಿಮ್ಮ ಕೈ ಕೊಡಿ."

ಕೊಟ್ಟೆ. ಅದೇ ಲೋಳೆ, ಅದೇ ಹಿಡಿ, ಅದೇ ಬಟನ್. ನನ್ನ ಬೆರಳು ಬೂದಾಗಿಯೇ ಉಳಿಯಿತು. ಬೇರೆ ಬಟನ್ ಒತ್ತಿದಿರಾ ಎಂದೆ. ಇಲ್ಲ ಎಂದು ಮತ್ತೊಮ್ಮೆ ಒತ್ತಿ ತೋರಿಸಿದರು. ಬೆರಳನ್ನು ಮೇಜಿಗೆ ಗಸಗಸ ತಿಕ್ಕಿ ಮತ್ತೆ ಚಾಚಿದೆ. ಹೊರಗೆ ಚರ್ಮ ಕೆಂಪಾಗಿತ್ತು, ಒಳಗೆ ಏನೂ ಇಲ್ಲ. ಸೊಸೆ ತಲೆ ತಗ್ಗಿಸಿ ತನ್ನ ಕೈಯ ಲೋಳೆಯನ್ನು ನೋಡುತ್ತಿದ್ದಳು.

ಅಷ್ಟಕ್ಕೇ ಬಿಡಬಹುದಿತ್ತು. ಟೈಮ್ ಆಫೀಸಿನವನು ಬಿಡುವುದಿಲ್ಲ. ಒಬ್ಬನ ಮಾತು ನಿಜವೋ ಸುಳ್ಳೋ ತಿಳಿಯಬೇಕಾದರೆ ಎರಡು ಕಡೆ ಬೇರೆ ಬೇರೆಯಾಗಿ ಕೇಳಿ ತಾಳೆ ನೋಡಬೇಕು ಅನ್ನುವುದು ನನ್ನ ಪದ್ಧತಿ.

"ಡಾಕ್ಟರಮ್ಮ, ಪರದೆ ನನ್ನ ಕಡೆ ತಿರುಗಿಸಿ. ಅವಳಿಗೆ ಕಾಣಬಾರದು. ನೀವು ಒಂದೊಂದೇ ಗಂಟಿಗೆ ಇಡ್ತಾ ಹೋಗಿ. ನೋವು ಇದೆಯೋ ಇಲ್ವೋ ಅವಳು ಮೊದಲು ಹೇಳಲಿ."

ಡಾಕ್ಟರಮ್ಮನ ಮುಖದ ನಗು ಹೋಯಿತು. "ನಾನು ಇಲ್ಲಿ ಪೇಷಂಟ್ ನೋಡ್ತೀನಿ ಸಾರ್, ಕೋರ್ಟ್ ನಡೆಸಲ್ಲ."

ಸೊಸೆ ತಲೆ ಎತ್ತಿದಳು. "ಇರ್ಲಿ ತಗೋರಿ ಡಾಕ್ಟರ್, ಮಾಡ್ರಿ" ಎಂದಳು. "ಮಾವಾರು ಕೇಳ್ಯಾರ, ನೋಡ್ಲಿ."

ಪರದೆ ನನ್ನ ಕಡೆ ತಿರುಗಿತು. ಸೊಸೆ ಗೋಡೆಯ ಕಡೆ ಮುಖ ಮಾಡಿ ಕೂತಳು.

"ತೋರುಬೆರಳು, ಬುಡದ ಗಂಟು?" ಎಂದರು ಡಾಕ್ಟರಮ್ಮ.

"ನೋಯತೈತ್ರೀ." ಕೆಂಪು.

"ಅದರ ಮೇಲಿನದು?"

"ಅದು ಇಲ್ರೀ." ಬೂದು.

"ಉಂಗುರದ ಬೆರಳು?"

"ಬುಡಕ್ಕ ಇಲ್ಲ. ನಡುವಿನ ಗಂಟು ಐತಿ, ಭಾಳ ಐತಿ." ಬುಡದಲ್ಲಿ ಬೂದು. ನಡುವಿನ ಗಂಟಿಗೆ ಬಂದಾಗ ಕೆಂಪು ಎಷ್ಟು ಹತ್ತಿತೆಂದರೆ ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ.

"ಕಿರುಬೆರಳು?"

"ಈ ಕೈದು ಆರಾಮ ಐತ್ರೀ." ಬೂದು.

ಎಡಗೈಗೂ ಹಾಗೇ ನಡೆಯಿತು. ಎಲ್ಲಿಯಾದರೂ ತಪ್ಪಲಿ ಎಂದು ನಾನು ಕಾಯುತ್ತಿದ್ದೆ. ಹೌದು, ತಪ್ಪಲಿ ಎಂದೇ. ಇಷ್ಟು ತಿಂಗಳು ಹೊತ್ತುಕೊಂಡು ತಿರುಗಿದ ಮಾತು ಬೀಳದೆ ನಿಲ್ಲಬೇಕಾದರೆ ಒಂದಾದರೂ ತಪ್ಪು ನನಗೆ ಬೇಕಾಗಿತ್ತು. ಒಂದೂ ತಪ್ಪಲಿಲ್ಲ. ಕೊನೆಕೊನೆಗೆ ನಾನು ಪರದೆ ನೋಡುವುದನ್ನು ಬಿಟ್ಟು ಅವಳ ಬೆನ್ನು ನೋಡುತ್ತಿದ್ದೆ.

ಬಲಗೈಯ ನಡುಬೆರಳನ್ನು ಡಾಕ್ಟರಮ್ಮ ಕೊನೆಗೆ ಉಳಿಸಿಕೊಂಡಿದ್ದರು. ಅದು ಆಗಲೇ ಬಾಗಿತ್ತು, ನೆಟ್ಟಗೆ ಮಾಡಲು ಆಗುತ್ತಿರಲಿಲ್ಲ. ಅಲ್ಲಿ ಹಿಡಿಯನ್ನು ಆ ಕಡೆ ಈ ಕಡೆ ವಾಲಿಸಿ ಬಹಳ ಹೊತ್ತು ನೋಡಿದರು. ಗುಡ್ಡದ ಅಂಚು ಇಲಿ ಕಡಿದ ರೊಟ್ಟಿಯ ಅಂಚಿನಂತಿತ್ತು.

"ಇಲ್ಲಿ ಮೂಳೆ ಸವೆದಿದೆ. ಇದು ವಾಪಸ್ ಬರಲ್ಲ. ಉಳಿದ ಬೆರಳು ಉಳಿಸ್ಕೋಬಹುದು, ಔಷಧಿ ಶುರು ಮಾಡೋಣ." ಆಮೇಲೆ ಅವಳ ಕಡೆ ತಿರುಗಿ, "ಯಾಕಮ್ಮ ಇಷ್ಟು ತಡ ಮಾಡಿದ್ರಿ? ಮಳೆಗಾಲದ ಮುಂಚೆ ಬಂದಿದ್ರೆ ಈ ಬೆರಳೂ ಬಹುಶಃ ಸಿಗ್ತಿತ್ತು" ಎಂದರು.

ಮಗ ನನ್ನನ್ನು ನೋಡಿದ. ನಾನು ಬೋರ್ಡು ನೋಡಿದೆ. ಈಗ ಹೇಳುತ್ತಾಳೆ, ಈಗ ಎಲ್ಲಾ ಹೊರಗೆ ಬರುತ್ತದೆ ಎಂದುಕೊಂಡೆ.

"ಊರಿಗೆ ಹೋಗಿದ್ದೆ ಡಾಕ್ಟರ್" ಎಂದಳು ಸೊಸೆ. ಅಷ್ಟೇ.

ನಾನೇ ಬಾಯಿ ಬಿಡಬಹುದಿತ್ತು. ನಾನು ಬಿಟ್ಟು ಬಂದೆ, ದೊಡ್ಡ ಡಾಕ್ಟರಿಗೆ ತೋರಿಸಿ ಎಂದು ಹೇಳಿದ್ದನ್ನು ಮುಚ್ಚಿಟ್ಟೆ ಎಂದು ಹೇಳಲು ಎಷ್ಟು ಹೊತ್ತು ಬೇಕು? ಹೇಳಲಿಲ್ಲ. ಅದಕ್ಕಿಂತ ನಾಚಿಕೆಯ ವಿಷಯ, ಆಟೋದಲ್ಲಿ ಒಬ್ಬನೇ ಮನೆಗೆ ಬರುವಾಗ ನನಗೆ ಬಂದ ಯೋಚನೆ. ಅವಳು ನನ್ನ ಮಾನ ಉಳಿಸಿದಳು ಎಂದಲ್ಲ, ನನ್ನನ್ನು ಯಾಕೆ ಬಿಟ್ಟುಕೊಡಲಿಲ್ಲ ಎಂದು ಅನುಮಾನ ಬಂತು. ಮುಂದೆ ಯಾವಾಗಲೋ ತೆಗೆಯಲು ಈ ಮಾತನ್ನು ಇಟ್ಟುಕೊಂಡಿದ್ದಾಳೆ ಎಂದುಕೊಂಡೆ. ಕೆಂಪನ್ನು ಕಣ್ಣಾರೆ ಕಂಡು ಬಂದ ಮೇಲೂ!

ವಾರಕ್ಕೊಮ್ಮೆ ನುಂಗುವ ಮಾತ್ರೆ ಶುರುವಾಯಿತು. ಅದನ್ನು ತೆಗೆದುಕೊಳ್ಳುವಾಗ ಬಸುರಾಗಬಾರದು, ಆಗಾಗ ರಕ್ತಪರೀಕ್ಷೆ ಮಾಡಿಸಬೇಕು ಎಂದಿದ್ದರು. ಮೊಮ್ಮಗುವಿನ ಆಸೆಯನ್ನು ಮುಂದಕ್ಕೆ ಹಾಕಬೇಕಾಯಿತು. ಹೆಂಡತಿ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ನನ್ನ ಜೊತೆ ಆಡಬೇಕಾದ ಮಾತನ್ನೂ ಆಡಲಿಲ್ಲ. ಯುಗಾದಿ ಹೊತ್ತಿಗೆ ಸೊಸೆಯ ಊತ ಇಳಿದಿತ್ತು, ಕಿವಿಯ ಹಿಂದಿನ ಚರ್ಮ ತಿಳಿಯಾಗಿತ್ತು. ಆ ನಡುಬೆರಳು ಮಾತ್ರ ಬಾಗಿಯೇ ಉಳಿಯಿತು. ಅವಳು ಏನನ್ನು ಎತ್ತಿದರೂ, ಬಡಿಸಿದರೂ ಅದೊಂದು ಬೇರೆ ಕಡೆ ನೋಡುತ್ತಿತ್ತು.

ಒಂದು ಮಧ್ಯಾಹ್ನ ಹೆಂಡತಿ ನೆಂಟರ ಮನೆಗೆ ಹೋಗಿದ್ದಳು. ಸೊಸೆ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ನಾನು ಹೋಗಿ ಎದುರಿಗೆ ನೆಲದ ಮೇಲೆ ಕೂತೆ. ಅವಳು ಗಡಬಡಿಸಿ ಏಳಲು ಹೋದಳು.

"ಕೂಡವ್ವಾ" ಎಂದೆ. "ನನ್ನಿಂದ ತಪ್ಪಾತು. ನಿಮ್ಮಪ್ಪಗೂ ಹೋಗಿ ಹೇಳಿ ಬರತೀನಿ."

ಅವಳು ಬೀಜ ತೆಗೆಯುತ್ತಲೇ ಇದ್ದಳು. ತಲೆ ಎತ್ತದೆ ಕೇಳಿದಳು. "ಒಂದು ಮಾತು ಕೇಳಲೇನ್ರೀ ಮಾವಾರ?"

"ಕೇಳು."

"ಒಮ್ಮೊಮ್ಮೆ ನೋವು ಇದ್ರೂ ಆ ಮೆಷಿನ್ನಿನ್ಯಾಗ ಕೆಂಪು ಕಾಣಂಗಿಲ್ಲಂತ. ಆಮ್ಯಾಲೆ ಡಾಕ್ಟರ ಹೇಳಿದ್ರು. ಅವತ್ತು ನನ್ನ ಬೆರಳಾಗೂ ಕಾಣದಿದ್ರ ಏನ್ ಮಾಡ್ತಿದ್ರಿ?"

ನಾನು ಎಷ್ಟೋ ಜನರನ್ನು ಎದುರು ನಿಲ್ಲಿಸಿಕೊಂಡು ಪ್ರಶ್ನೆ ಕೇಳಿದವನು. ಇಂಥದ್ದನ್ನು ಯಾರಿಗೂ ಕೇಳಿರಲಿಲ್ಲ. ಸುಳ್ಳು ಹೇಳಬಹುದಿತ್ತು, ನಾಲಿಗೆಯವರೆಗೂ ಬಂದಿತ್ತು. ಬೇಡ ಎನ್ನಿಸಿತು.

"ಊರಿಗೆ ಕಳಿಸಿಬಿಡ್ತಿದ್ದೆ" ಎಂದೆ. "ಕಾಯಂ."

"ಗೊತ್ತಿತ್ರೀ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ನಂಬಿದ್ದು ಮೆಷಿನ್ನು. ನನ್ನನ್ನಲ್ಲ."

ರಾಣೆಬೆನ್ನೂರಿಗೆ ಹೋಗಿ ಬೀಗರ ಕೈ ಹಿಡಿದು ತಪ್ಪೊಪ್ಪಿಕೊಂಡು ಬಂದೆ. ಅವರು, "ಇರ್ಲಿ ಬಿಡ್ರಿ ಬೀಗರ" ಎಂದರು, ನನ್ನ ಮುಖ ನೋಡದೆ. ಅದೇ ವರ್ಷ ಮಗ, ಸೊಸೆ ಕೆಂಗೇರಿಯಲ್ಲಿ ಬಾಡಿಗೆ ಮನೆ ಮಾಡಿದರು. ಸೊಸೆಯೇ ಹಟ ಹಿಡಿದು ಮಾಡಿಸಿದ್ದು ಎಂದು ಮಗ ಮುಚ್ಚುಮರೆ ಇಲ್ಲದೆ ಹೇಳಿದ. ನಾನು ಅಡ್ಡ ಬರಲಿಲ್ಲ. ಸಾಮಾನು ಸಾಗಿಸುವ ದಿನ ಮಂಚದ ಒಂದು ತುದಿ ನಾನೇ ಹಿಡಿದೆ.

ಈಗಲೂ ಬಸ್ಸು ಹತ್ತಿ ಕೆಂಗೇರಿಗೆ ಹೋಗುತ್ತೇನೆ. ಕೂತ ಕೂಡಲೇ ಚಹಾ ಬರುತ್ತದೆ. ಕೈ ಹೇಗಿದೆ ಎಂದು ಕೇಳಬೇಕು ಎನ್ನಿಸುತ್ತದೆ, ಕೇಳುವುದಿಲ್ಲ. ನನ್ನ ಬಾಯಿಂದ ಬಂದರೆ ಆ ಪ್ರಶ್ನೆ ವಿಚಾರಣೆಯಾಗುತ್ತದೆ. ಅವಳೇ ಹೇಳಿದರೆ ಕೇಳಿಸಿಕೊಳ್ಳಲು ಕೂತಿರುತ್ತೇನೆ. ಕೆಲವು ಸಲ ಅವಳು ಏನೂ ಹೇಳುವುದಿಲ್ಲ. ಕೆಲವು ಸಲ, ಬಾಗಿಲವರೆಗೆ ಬಂದಾಗ, "ಈ ವಾರ ಸ್ವಲ್ಪ ಜಾಸ್ತಿ ಐತ್ರೀ" ಅನ್ನುತ್ತಾಳೆ.

"ಹೂಂ ಅವ್ವಾ" ಅನ್ನುತ್ತೇನೆ. ಎಲ್ಲಿ, ಯಾವಾಗಿಂದ, ಯಾಕೆ ಎಂದು ಕೇಳದೆ ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿಯುತ್ತೇನೆ.